ಅರ್ಧ ಹೊಟ್ಟೆಯಲ್ಲಿದ್ದ ಬ್ಯಾಟರಿ

ನಮ್ಮ ಮನೆ ಇರುವುದು ತೀರ್ಥಹಳ್ಳಿ ಕಡೆ. ಆರಿದ್ರಾ ಮಳೆ ಹಿಡಿದರೆ ಲೈನಿನ ಮೇಲೆ ಎಲ್ಲೋ ಒಂದು ಮರ ಬಿದ್ದೇ ಬೀಳುತ್ತದೆ. ಅದಕ್ಕೇ 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಟ್ಯೂಬುಲರ್ ಬ್ಯಾಟರಿ ತಂದು ಯುಪಿಎಸ್ ಹಾಕಿಸಿದ್ದೆ. ಮೂರನೇ ಮಳೆಗಾಲಕ್ಕೆ ಅದು ಹತ್ತು ನಿಮಿಷಕ್ಕೇ ಕೂಗಿಕೊಳ್ಳತೊಡಗಿತು.

ರಿಪೇರಿಯವರು ಒಳಗಿನ ಆಸಿಡ್ ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ನೋಡಿದರು. "ಇದಕ್ಕೆ ವಯಸ್ಸಾಗಿಲ್ಲ ಸಾರ್. ಒಂದು ದಿನವೂ ಹೊಟ್ಟೆ ತುಂಬ ಚಾರ್ಜ್ ಆಗಿಲ್ಲ" ಅಂದರು.

ಯೋಚಿಸಿದರೆ ನಿಜ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಎರಡು ಫ್ಯಾನ್, ಜೊತೆಗೆ ಟಿವಿ, ನಾಲ್ಕು ದೀಪ. ಎಲ್ಲ ಸೇರಿ 260 ವ್ಯಾಟ್ ದಾಟುತ್ತಿತ್ತು. ಮೂರು ಗಂಟೆಯೊಳಗೆ ಬ್ಯಾಟರಿ ಅರ್ಧ ಖಾಲಿ. ಅದು ಮತ್ತೆ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ಕೊನೆಯ ಕಾಲು ಭಾಗವಂತೂ ಬಹಳ ನಿಧಾನ. ಕರೆಂಟ್ ಬರುತ್ತಿದ್ದದ್ದು ಎರಡು ಗಂಟೆ ಅಷ್ಟೆ. ಹಾಗೆ ಅರೆಬರೆ ಚಾರ್ಜಿನಲ್ಲಿ ವಾರಗಟ್ಟಲೆ ಬಿಟ್ಟರೆ ಒಳಗಿನ ಸೀಸದ ಪ್ಲೇಟಿನ ಮೇಲೆ ಕೂತ ಲೆಡ್ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿ ಕರಗುವುದಿಲ್ಲ.

ಇನ್ನೊಂದು ತಪ್ಪೂ ನನ್ನದೇ. ಬ್ಯಾಟರಿಗೆ ಹೆಂಚಿನಿಂದ ಇಳಿದ ಮಳೆ ನೀರು ಸೋಸಿ ಹಾಕುತ್ತಿದ್ದೆ. ನೋಡಲು ಕನ್ನಡಿಯಂತಿರುತ್ತದೆ, ಆದರೆ ಹೆಂಚಿನ ಧೂಳು, ಪಾಚಿಯ ಅಂಶ ಅದರಲ್ಲಿ ಇರುತ್ತದೆ. ಈಗ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಹಾಕುವುದಿಲ್ಲ. ಆಸಿಡ್ ಅಂತೂ ಯಾವತ್ತೂ ಹಾಕಬಾರದು. ಚಾರ್ಜ್ ಆಗುವಾಗ ಆರಿ ಹೋಗುವುದು ನೀರು ಮಾತ್ರ, ಆಸಿಡ್ ಒಳಗೇ ಇರುತ್ತದೆ. ನೀರನ್ನೂ ಪೂರ್ತಿ ಚಾರ್ಜ್ ಆದ ಮೇಲೆ ಹಾಕುತ್ತೇನೆ. ಖಾಲಿ ಇದ್ದಾಗ ಗೆರೆ ತನಕ ತುಂಬಿಸಿದರೆ ಚಾರ್ಜ್ ಆಗುತ್ತಾ ಮಟ್ಟ ಏರಿ ಉಕ್ಕುತ್ತದೆ. ಪ್ಲೇಟ್ ಕಾಣುತ್ತಿದ್ದರೆ ಮಾತ್ರ, ಅದು ಮುಳುಗುವಷ್ಟು ಮೊದಲೇ ಹಾಕಬೇಕು.

ಹೊಸ ಬ್ಯಾಟರಿ ತಂದ ದಿನವೇ ಹೈಡ್ರೋಮೀಟರ್, ಮಲ್ಟಿಮೀಟರ್ ಎರಡನ್ನೂ ಕೊಂಡೆ. ಫ್ಯಾನಿನ ಬದಲು ಬಟ್ಟೆಗೆ ಬಚ್ಚಲ ಒಲೆಯ ಬಿಸಿಯೇ ಸಾಕು ಅಂತ ಮನೆಯಲ್ಲಿ ಒಪ್ಪಿಕೊಂಡರು. ಈಗ ಯುಪಿಎಸ್ ಮೇಲೆ ಇರುವುದು ಎಲ್‌ಇಡಿ ದೀಪ, ರೂಟರ್, ಒಂದು ಫ್ಯಾನ್. ಲೋಡ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಮಲ್ಟಿಮೀಟರಿನಲ್ಲಿ ನೋಡಿದಾಗ 12.2 ವೋಲ್ಟ್ ಬಂದರೆ ಅರ್ಧ ಖಾಲಿ ಅಂತ ಲೆಕ್ಕ. ಅಲ್ಲಿಗೆ ನಿಲ್ಲಿಸಿ ಲಾಟೀನು ಹಚ್ಚುತ್ತೇವೆ. ಕರೆಂಟ್ ಬಂದು ಹೋಗಿ ಮಾಡುವ ದಿನಗಳಲ್ಲಿ ಯುಪಿಎಸ್‌ನಿಂದ ಮನೆಗೆ ಹೋಗುವ ಲೈನನ್ನೇ ಆಫ್ ಮಾಡಿಬಿಡುತ್ತೇನೆ. ಆಗ ಚಾರ್ಜ್ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಇದೊಂದೇ ಅಭ್ಯಾಸದಿಂದ ಆದಷ್ಟು ಪ್ರಯೋಜನ ಬೇರೆ ಯಾವುದರಿಂದಲೂ ಆಗಿಲ್ಲ.

ಟರ್ಮಿನಲ್ ಮೇಲೆ ಹಸಿರು ಬಿಳಿ ಪುಡಿ ಕಂಡರೆ ಮೊದಲು ಯುಪಿಎಸ್ ಆಫ್ ಮಾಡಿ, ನೆಗೆಟಿವ್ ವೈರ್ ಬಿಚ್ಚುತ್ತೇನೆ. ಮುಚ್ಚಳಗಳು ಭದ್ರವಾಗಿವೆಯೇ ನೋಡಿ, ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಒರೆಸುತ್ತೇನೆ. ಸೋಡಾ ನೀರು ಒಂದು ಹನಿಯೂ ಒಳಗೆ ಬೀಳಬಾರದು. ಒಣಗಿದ ಮೇಲೆ ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲೀನ್ ಸವರುವುದು. ಮುಂಚೆ ಬ್ಯಾಟರಿ ಮೆಟ್ಟಿಲ ಕೆಳಗಿನ ಮುಚ್ಚಿದ ಗೂಡಿನಲ್ಲಿತ್ತು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಅದು ಕಿಡಿ ತಾಗಿದರೆ ಸಿಡಿಯುತ್ತದೆ. ಈಗ ಗಾಳಿಯಾಡುವ ಹಿಂದಿನ ಜಗಲಿಗೆ ತಂದಿದ್ದೇನೆ. ಅಲ್ಲಿ ಲಾಟೀನು, ಬೀಡಿ ಯಾವುದೂ ಹತ್ತಿರ ಬರುವಂತಿಲ್ಲ.

ಈ ಬ್ಯಾಟರಿಗೆ ಇದು ಆರನೇ ಮಳೆಗಾಲ. ಪ್ರತಿ ತಿಂಗಳೂ ಬ್ಯಾಟರಿಯೊಳಗಿನ ಆರೂ ಸೆಲ್ಲಿನ, ಅಂದರೆ ಕೋಣೆಗಳ, ಹೈಡ್ರೋಮೀಟರ್ ರೀಡಿಂಗ್ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯುತ್ತೇನೆ. ಹೋದ ವಾರ ಐದು ಸೆಲ್ಲಿನಲ್ಲಿ 1240 ಇತ್ತು, ಮೂರನೆಯದರಲ್ಲಿ 1225. ಬೇರೆ ಸೆಲ್ಲಿಗಿಂತ 30ಕ್ಕಿಂತ ಜಾಸ್ತಿ ಇಳಿದರೆ ಆ ಸೆಲ್ ಸೋಲುತ್ತಿದೆ ಎಂದರ್ಥ. ಅದೊಂದರ ಮೇಲೆ ಕಣ್ಣಿಟ್ಟಿದ್ದೇನೆ.