ಸಿಲ್ವರ್ ಕಾರಿಗೆ ಕೆಂಪು ಬಾಗಿಲು

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಜೀನ್ಸ್ ಯೂನಿಟ್. ಹೊಲಿದ ಪ್ಯಾಂಟಿನ ಬಂಡಲ್‌ಗಳನ್ನು ವಾಷಿಂಗ್‌ಗೆ ಸಾಗಿಸೋದು 2012ರ ವ್ಯಾಗನ್ ಆರ್‌ನಲ್ಲಿ. ಹಿಂದಿನ ಸೀಟು ಮಡಚಿದರೆ ಅದು ನಮಗೆ ಲಗೇಜ್ ಆಟೋ ಇದ್ದಂಗೆ. ಹೋದ ಸುಗ್ಗಿಯಲ್ಲಿ ಸಿರುಗುಪ್ಪ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರೊಂದು ರಿವರ್ಸ್ ಬಂತು. ಅದರ ಟ್ರೈಲರ್ ಮೂಲೆ ಎಡಗಡೆ ಹಿಂದಿನ ಬಾಗಿಲಿಗೆ ತಾಗಿ, ಹಿಡಿಕೆಯ ಕೆಳಗೆ ತಗಡು ಮಡಿಚಿ ಒಂದು ಗೇಣು ಹರಿದೇ ಹೋಯಿತು.

ಇನ್ಶೂರೆನ್ಸ್ ಕ್ಲೇಮ್ ಮಾಡು ಅಂದವರೇ ಎಲ್ಲ. ಹತ್ತು ವರ್ಷ ದಾಟಿದ ಗಾಡಿಗೆ ಮಾಮೂಲಿ ಪಾಲಿಸಿಯಲ್ಲಿ ತಗಡಿನ ಭಾಗದ ಬೆಲೆಯಲ್ಲಿ 50 ಪರ್ಸೆಂಟ್ ಸವಕಳಿ ಕಳೀತಾರೆ. ಅದರ ಮೇಲೆ ಐದು ವರ್ಷ ಕ್ಲೇಮ್ ಇಲ್ಲದೆ ಕೂಡಿಟ್ಟ 50 ಪರ್ಸೆಂಟ್ ಬೋನಸ್ಸೂ, ಅಂದರೆ ಪ್ರೀಮಿಯಂ ರಿಯಾಯಿತಿಯೂ, ಮುಂದಿನ ರಿನ್ಯೂವಲ್‌ಗೆ ಸೊನ್ನೆ. ಲೆಕ್ಕ ಕೂಡಲಿಲ್ಲ. ಹೊಸ ಬಾಗಿಲಿಗೆ ಬಣ್ಣ ಬಿಟ್ಟು 8,500 ಹೇಳಿದರು. ಹಂಗಾಗಿ ಗುಜರಿ ದಾರಿ ಹಿಡಿದೆ.

ಮೊದಲ ಅಂಗಡಿಯಲ್ಲೇ ಸಿಲ್ವರ್ ಬಾಗಿಲು ಸಿಕ್ಕಿಬಿಟ್ಟಿತು. ಅದೇ ಬಣ್ಣ, ಮಿರಮಿರ ಮಿಂಚುತ್ತಿತ್ತು. ಪೇಂಟಿಂಗ್ ಖರ್ಚು ಉಳೀತು ಅಂತ ಹಿಂದೆ ಮುಂದೆ ನೋಡದೆ 500 ಅಡ್ವಾನ್ಸ್ ಕೊಟ್ಟೆ. ಸಂಜೆ ಕೌಲ್ ಬಜಾರಿನ ಟಿಂಕರ್ ಚಾಚಾನ ಕರ್ಕೊಂಡು ಹೋದೆ. ಅವರು ಜೇಬಿನಿಂದ ಹಳೇ ಸ್ಪೀಕರಿನ ಆಯಸ್ಕಾಂತದ ಚೂರು ತೆಗೆದು ಬಟ್ಟೆ ಸುತ್ತಿ ಬಾಗಿಲ ಮೇಲೆ ಇಟ್ಟು ಎಳೆದರು. ಮೇಲ್ಭಾಗದಲ್ಲಿ ಗಟ್ಟಿಯಾಗಿ ಹಿಡಿದದ್ದು ಕೆಳಗೆ ಬರುತ್ತಲೇ ಸರ್ರನೆ ಜಾರಿ ನೆಲಕ್ಕೆ ಬಿತ್ತು. ಬಣ್ಣದ ಅಡಿಯಲ್ಲಿ ಅಂಗೈಯಗಲ ಪುಟ್ಟಿ. ಆಯಸ್ಕಾಂತ ತಗಡಿಗೆ ಹಿಡಿಯುತ್ತೆ, ತಗ್ಗು ಮುಚ್ಚಲು ಮೆತ್ತಿದ ಪುಟ್ಟಿಗೆ ಹಿಡಿಯಲ್ಲ.

"ಬಣ್ಣ ನಾ ಹಚ್ಚತೀನಪ್ಪಾ, ನೀ ತಗಡು ತಗೊಂಬಾ" ಅಂದರು ಚಾಚಾ. ಅಡ್ವಾನ್ಸ್ ವಾಪಸ್ ಬರಲಿಲ್ಲ.

ನನಗೆ ನಾಚಿಕೆ ಆಗಿದ್ದು ದುಡ್ಡಿಗಲ್ಲ. ಪ್ಯಾಂಟ್ ಖರೀದಿಗೆ ಬಂದ ವ್ಯಾಪಾರಿ ಮೊದಲು ಮಾಡೋ ಕೆಲಸ ಅಂದರೆ ತಿರುವಿ ಒಳಹೊಲಿಗೆ ನೋಡೋದು. ಒಂದೇ ಶೇಡ್ ಅಂತ ಬರೆದ ಎರಡು ಲಾಟ್ ಬಟ್ಟೆ ವಾಷಿಂಗ್ ಆದಮೇಲೆ ಎರಡು ಬಣ್ಣ ಆಗೋದನ್ನ ದಿನಾ ನೋಡ್ತೀನಿ. ಹನ್ನೆರಡು ವರ್ಷ ಬಳ್ಳಾರಿ ಬಿಸಿಲು ಕುಡಿದ ನನ್ನ ಸಿಲ್ವರ್‌ಗೂ ಇನ್ಯಾರದೋ ಸಿಲ್ವರ್‌ಗೂ ಎಲ್ಲಿಯ ಹೊಂದಾಣಿಕೆ?

ಆಮೇಲೆ ಬಣ್ಣ ಕೇಳೋದು ಬಿಟ್ಟು 2010ರಿಂದ 2018ರ ನಡುವಿನ ಆಕಾರದ ಗಾಡಿ ಇದೆಯಾ ಅಂತ ಕೇಳಿದೆ. ಅದಕ್ಕಿಂತ ಹಳೇ ವ್ಯಾಗನ್ ಆರ್ ಬಾಗಿಲು ನಮ್ಮದಕ್ಕೆ ಕೂರಲ್ಲ, 2019ರ ಮೇಲಿನದೂ ಕೂರಲ್ಲ. ಹೊಸಪೇಟೆ ರಸ್ತೆಯ ಒಂದು ಗುಜರಿಯಲ್ಲಿ ಕೆಂಪು ಬಾಗಿಲು ಸಿಕ್ಕಿತು. ಅದು ಕೈಯಲ್ಲಿ ಗಾಜು ತಿರುಗಿಸೋ ಮಾಡೆಲ್‌ದು, ನನ್ನದು ಪವರ್ ವಿಂಡೋ. ನನ್ನ ಮೋಟರ್, ಗಾಜು, ಲಾಕ್ ಎಲ್ಲ ಚೆನ್ನಾಗಿದ್ದವು. ಹಾಗಾಗಿ ಬರೀ ತಗಡಿನ ಚಿಪ್ಪು ಸಾಕಿತ್ತು, ಬೆಲೆಯೂ ಇಳಿಯಿತು.

ಈ ಸಲ ಬಾಗಿಲನ್ನು ಗೋಣಿಚೀಲದ ಮೇಲೆ ಬೋರಲು ಮಲಗಿಸಿ ಒಳಗಿನಿಂದ ಶುರುಮಾಡಿದೆ. ಹೊರತಗಡು ಒಳತಗಡಿನ ಮೇಲೆ ಮಡಚಿ ಕೂರೋ ಕೆಳಅಂಚು ಇದೆಯಲ್ಲ, ಥೇಟ್ ಪ್ಯಾಂಟಿನ ಕಾಲಂಚು. ತುಕ್ಕು ಹುಟ್ಟೋದೇ ಅಲ್ಲಿ. ಆದರೆ ನಮ್ಮ ಕಡೆ ಒಂದು ಫಜೀತಿ: ಸಂಡೂರಿನ ಅದಿರು ಧೂಳು ಎಲ್ಲ ಸಂದಿಯಲ್ಲೂ ಕೂತಿರುತ್ತೆ, ನೋಡಲು ತುಕ್ಕಿನಂತೆಯೇ. ಎರಡೂ ಕಬ್ಬಿಣದ ಆಕ್ಸೈಡೇ ಆದಮೇಲೆ ಕಣ್ಣಿಗೇನು ಗೊತ್ತಾಗಬೇಕು! ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದೆ. ಧೂಳು ಬಟ್ಟೆಗೆ ಬಂತು, ಕೆಳಗೆ ಕಂಪನಿ ಬಣ್ಣ ಹಾಗೇ ಇತ್ತು. ಒಂದೇ ಕಡೆ, ಹೆಬ್ಬೆರಳ ಉಗುರಿನಷ್ಟು, ಒರೆಸಿದರೂ ಹೋಗಲಿಲ್ಲ, ಅದು ನಿಜವಾದ ತುಕ್ಕು. ಸ್ಕ್ರೂಡ್ರೈವರ್ ತುದಿಯಲ್ಲಿ ಒತ್ತಿದರೆ ತಗಡು ಗಟ್ಟಿ ಇತ್ತು.

ಅಂಚಿನ ಸಂದಿ ಮುಚ್ಚೋ ಸೀಲರ್ ಅಂಟು ಒಂದೇ ಸಮ ಇತ್ತು, ಕಂಪನಿಯದೇ. ರಿಪೇರಿ ಮಾಡಿ ಕೈಯಲ್ಲಿ ಮೆತ್ತಿದ್ದರೆ ಬೆರಳಿಗೆ ಉಬ್ಬುತಗ್ಗು ಸಿಗುತ್ತೆ. ಟಾರ್ಚ್ ಹಾಕಿ ಒಳಗಿನ ಅಡ್ಡ ಕಬ್ಬಿಣ ನೋಡಿದೆ, ಸೊಟ್ಟ ಇರಲಿಲ್ಲ. ಕಡೆಗೆ ಬಾಗಿಲು ನಿಲ್ಲಿಸಿ, ಗಾಜಿನ ಸಂದಿಯಲ್ಲಿ ಒಂದು ಚೊಂಬು ನೀರು ಸುರಿದೆ. ಕೆಳಗಿನ ತೂತುಗಳಿಂದ ಸರಾಗ ಇಳಿಯಿತು. ಅಂಗಡಿಯವ "ಅಣ್ಣ, ಬಾಗಿಲು ತಗೊಳ್ತೀಯೋ, ಎಮ್ಮೆ ತಗೊಳ್ತೀಯೋ?" ಅಂದ. 2,800ಕ್ಕೆ ಮುಗಿಯಿತು. ಯಾವ ಗಾಡಿಯಿಂದ ಬಿಚ್ಚಿದ್ದು ಅಂತ ಅದರ ನಂಬರ್ ಬರೆಸಿ ರಸೀದಿ ತಗೊಂಡೆ, ಕದ್ದ ಮಾಲಿನ ತಲೆನೋವು ಬೇಡ ಅಂತ.

ಫಿಟ್ಟಿಂಗ್‌ಗೆ ಅರ್ಧ ದಿನ. ಸಂದಿ ಮೇಲಿಂದ ಕೆಳಗೆ ಸಮ ಇದೆಯಾ ಅಂತ ಜೀನ್ಸ್ ಬಟ್ಟೆ ಮಡಚಿ ತೂರಿಸಿ ನೋಡಿದೆ. ಹಿಂಬದಿಯ ಮೇಲ್ಮೂಲೆಯಲ್ಲಿ ಬಿಗಿ ಹಿಡಿಯಿತು. ಚಾಚಾ ಹಿಂಜ್ ಬೋಲ್ಟ್ ಸಡಿಲಿಸಿ ಕೂದಲೆಳೆಯಷ್ಟು ಸರಿಸಿದರು. ಪೇಂಟಿಂಗ್ ಸರದಿ ಬರೋತನಕ ಎಂಟು ದಿನ ಸಿಲ್ವರ್ ಕಾರಿಗೆ ಕೆಂಪು ಬಾಗಿಲು. ವಾಷಿಂಗ್ ಯೂನಿಟ್ ಹುಡುಗರು ಪ್ಯಾಚ್ ಹಾಕಿದ ಪ್ಯಾಂಟ್ ಬಂತು ಅಂತ ಕೂಗೋರು.

ಸಿಲ್ವರ್ ಮೆಟಾಲಿಕ್ ಆದ್ದರಿಂದ ಬಾಗಿಲಿಗಷ್ಟೇ ಹೊಡೆದರೆ ಎದ್ದು ಕಾಣುತ್ತೆ. ಮುಂದಿನ ಬಾಗಿಲಿಗೂ ಹಿಂದಿನ ಪ್ಯಾನಲ್‌ಗೂ ತೆಳುವಾಗಿ ಹರಡಿ ಬೆರೆಸಿದರು. ಪೇಂಟಿಂಗ್ 3,500, ಫಿಟ್ಟಿಂಗ್ 1,200. ಬಾಗಿಲ ಒಳಅಂಚಿಗೂ ಸಿಲ್ವರ್ ಹೊಡೆಯಲು ಇನ್ನೂ 600 ಅಂದರು, ಬೇಡ ಅಂದೆ. ಈಗಲೂ ಬಂಡಲ್ ಇಳಿಸಲು ಬಾಗಿಲು ತೆರೆದರೆ ಒಳಗೆ ಕೆಂಪು ಅಂಚು ಕಾಣುತ್ತೆ.