ಜೀರುಂಡೆಯನ್ನು ಅಡುಗೆಗೆ ಅಣಿಗೊಳಿಸುವ ಕ್ರಮ

ಕೀಟಗಳನ್ನು ತಿನ್ನುವುದು ಹೊಸ ಶೋಕಿಯೇನಲ್ಲ. ಜಗತ್ತಿನಲ್ಲಿ 1,900ಕ್ಕೂ ಹೆಚ್ಚು ಬಗೆಯ ಕೀಟಗಳು ಆಹಾರವಾಗಿ ಬಳಕೆಯಲ್ಲಿವೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರ ವರದಿಯಲ್ಲಿ ದಾಖಲಿಸಿದೆ. ಆದರೆ ತಲೆಮಾರುಗಳಿಂದ ತಿನ್ನುತ್ತಾ ಬಂದವರಿಗೆ ಯಾವ ಹುಳು, ಯಾವ ಕಾಲ, ಎಷ್ಟು ಬೇಯಿಸಬೇಕು ಎಂಬ ತಿಳಿವು ಮನೆಯಲ್ಲೇ ದೊರೆತಿರುತ್ತದೆ. ಅದಿಲ್ಲದವರು ಆಹಾರಕ್ಕೆಂದೇ ಸಾಕಿದ, ಕ್ರಿಕೆಟ್ ಎಂದೂ ಕರೆಯುವ ಜೀರುಂಡೆಯಿಂದ ಆರಂಭಿಸುವುದು ಕ್ಷೇಮ.

ಸಿಗಡಿ, ಏಡಿ ತಿಂದರೆ ಮೈಯಲ್ಲಿ ಗಂಧೆ ಏಳುವವರು, ಉಸಿರು ಕಟ್ಟುವವರು ಇದನ್ನು ಮುಟ್ಟಲೇಬಾರದು. ಕೀಟಗಳೂ ಸಿಗಡಿಯೂ ಸಂಧಿಪದಿಗಳೇ, ಅಂದರೆ ಕೀಲುಗಾಲಿನ ಪ್ರಾಣಿಗಳ ಒಂದೇ ಗುಂಪಿನವೇ ಆದುದರಿಂದ ಅಲರ್ಜಿಗೆ ಕಾರಣವಾಗುವ ಟ್ರೊಪೊಮಯೋಸಿನ್ ಎಂಬ ಪ್ರೋಟೀನ್ ಎರಡರಲ್ಲೂ ಇದೆ, ಬೇಯಿಸಿದರೂ ಅದರ ಗುಣ ಹೋಗುವುದಿಲ್ಲ.

ಹೊಲದಲ್ಲಿ ಹಿಡಿದ ಹುಳುವಿನ ಮೈಯಲ್ಲಿ ಕೀಟನಾಶಕ ಇರಬಹುದು. ಅದು ತೊಳೆದರೂ ಕುದಿಸಿದರೂ ಹೋಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಸಾಕಣೆಯವರಿಂದಲೇ ಕೊಳ್ಳಬೇಕು, ಯಾವ ಮೇವು ಹಾಕಿದ್ದಾರೆಂದು ಕೇಳಲು ಸಂಕೋಚಪಡಬಾರದು. ಈ ಪ್ರಶ್ನೆ ಪರಿಸರಕ್ಕೂ ಸಂಬಂಧಿಸಿದ್ದು. ಜೀರುಂಡೆಯು ಮೈ ಬೆಚ್ಚಗಿಟ್ಟುಕೊಳ್ಳಲು ಮೇವನ್ನು ಉರಿಸುವುದಿಲ್ಲವಾದ್ದರಿಂದ ಸುಮಾರು ಎರಡು ಕಿಲೋ ಮೇವಿನಲ್ಲಿ ಒಂದು ಕಿಲೋ ತೂಕ ಬೆಳೆಯುತ್ತದೆ, ಅದರ ಮೈಯಲ್ಲಿ ನೂರಕ್ಕೆ ಸುಮಾರು 80 ಪಾಲು ತಿನ್ನಲು ಬರುತ್ತದೆ. ಆದರೆ ಕೋಳಿಗೆ ಹಾಕುವಂಥ ಒಳ್ಳೆಯ ಧಾನ್ಯವನ್ನೇ ಹಾಕಿ, ಸಾಕುವ ಕೋಣೆಯನ್ನು ವಿದ್ಯುತ್ತಿನಿಂದ ಬಿಸಿಮಾಡಿದರೆ ಆ ಲಾಭದಲ್ಲಿ ಬಹುಪಾಲು ಕರಗಿಹೋಗುತ್ತದೆ ಎಂಬುದು ನನ್ನ ಎಣಿಕೆ.

ಜೀವಂತ ಜೀರುಂಡೆಗಳನ್ನು ತಂದಿದ್ದರೆ ಒಂದು ದಿನ ಮೇವು ಕೊಡದೆ ಇಡಬೇಕು. ಹೊಟ್ಟೆ ಖಾಲಿಯಾದರೆ ಕಹಿಯೂ ಕೊಳೆಯೂ ಕಡಿಮೆ. ಅನಂತರ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಫ್ರೀಜರಿನಲ್ಲಿಡಬೇಕು. ಹೊರತೆಗೆದು, ನೀರು ತಿಳಿಯಾಗುವವರೆಗೆ ಜರಡಿಯಲ್ಲಿ ತೊಳೆದು, ಕೊತಕೊತ ಕುದಿಯುವ ನೀರಿನಲ್ಲಿ ಐದು ನಿಮಿಷ ಬೇಯಿಸಬೇಕು. ಕುದಿಯುವ ಹೊತ್ತನ್ನು ಹುಳುಗಳನ್ನು ಹಾಕಿದ ಮೇಲೆ ನೀರು ಮತ್ತೆ ಕುದಿಯಲು ತೊಡಗಿದಾಗಿನಿಂದ ಲೆಕ್ಕ ಹಾಕಬೇಕು. ಈ ಹಂತವನ್ನು ಬಿಟ್ಟು ನೇರವಾಗಿ ಹುರಿಯುವವರಿದ್ದಾರೆ, ಅದು ತಪ್ಪು: ಹೊರಗೆ ಗರಿಗರಿಯಾದ ಹುಳುವಿನ ಒಳಗೆ ಬ್ಯಾಕ್ಟೀರಿಯಾ ಉಳಿದಿರಬಹುದು.

ನೀರು ಬಸಿದು, ಬಟ್ಟೆಯ ಮೇಲೆ ಆರಿಸಿ, ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖದ ಓವನ್ನಿನಲ್ಲಿ ಒಣಗಿಸಬೇಕು. ಗಡಿಯಾರಕ್ಕಿಂತ ಬೆರಳನ್ನು ನಂಬುವುದು ಮೇಲು. ಒಂದನ್ನು ಹಿಸುಕಿದಾಗ ಬಾಗದೆ ಪಟ್ಟನೆ ಮುರಿದು ಪುಡಿಯಾಗಬೇಕು. ನಡುಭಾಗ ಮೆತ್ತಗಿದ್ದರೆ ಇನ್ನೂ ತೇವವಿದೆ ಎಂದರ್ಥ. ಒಣಗಿದವನ್ನು ಒರಟು ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿ ಮೊರದಲ್ಲಿ ಕೇರಿದರೆ ಮುಳ್ಳುಮುಳ್ಳಾದ ಹಿಂಗಾಲುಗಳೂ ರೆಕ್ಕೆಗಳೂ ಉದುರುತ್ತವೆ. ಹಿಂಗಾಲು ಗಂಟಲಿಗೆ ಚುಚ್ಚುವುದರಿಂದ ಇದನ್ನು ಅಸಡ್ಡೆ ಮಾಡಬಾರದು.

ಹೀಗೆ ಸಿದ್ಧವಾದುದನ್ನು ಉಪ್ಪು ಖಾರ ಬೆರೆಸಿ ಎಣ್ಣೆಯಲ್ಲಿ ಹುರಿಯಬಹುದು. ಕಣ್ಣು, ಮೀಸೆ ಕಂಡು ಹೇಸುವವರಿಗೆ ಪುಡಿಮಾಡಿ ರೊಟ್ಟಿಯ ಹಿಟ್ಟಿಗೆ ಬೆರೆಸುವುದೇ ಸುಲಭ. ಪುಡಿಯ ವಾಸನೆ ಹುರಿದ ಬಾದಾಮಿ, ಗೋಡಂಬಿಯಂಥ ಬೀಜಗಳದ್ದನ್ನು ಹೋಲುತ್ತದೆ. ಹಿಟ್ಟಿನ ಹತ್ತು ಪಾಲಿನಲ್ಲಿ ಒಂದು ಪಾಲು ಪುಡಿ ಸಾಕು, ಹೆಚ್ಚಾದರೆ ಹಿಟ್ಟಿಗೆ ಜಿಗುಟು ಬಾರದೆ ರೊಟ್ಟಿ ಬಿರಿಯುತ್ತದೆ. ಒಣಗಿಸಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಬರೀ ಬೇಯಿಸಿದ್ದನ್ನಾದರೆ ಕೂಡಲೇ ತಣಿಸಿ ಫ್ರಿಜ್ಜಿಗೆ ಸೇರಿಸಬೇಕು, ಏಕೆಂದರೆ ಕುದಿತಕ್ಕೂ ಸಾಯದ ಬ್ಯಾಕ್ಟೀರಿಯಾದ ಬೀಜಕಗಳು ಬೆಚ್ಚಗಿನ ಪಾತ್ರೆಯಲ್ಲಿ ಮತ್ತೆ ಮೊಳೆಯುತ್ತವೆ.