ಎಲೆಮೊಗ್ಗಿನ ಮೀಡಿಯಾದಲ್ಲಿ ಹೂಮೊಗ್ಗು: ಸ್ಪರ್ಮಿಡಿನ್ ಜೊತೆ ನನ್ನ ಅನುಭವ

ಪಾಲಿಅಮೀನ್ (ಜೀವಕೋಶಗಳಲ್ಲೇ ಇರುವ ಸ್ಪರ್ಮಿಡಿನ್, ಪುಟ್ರೆಸಿನ್ ತರಹದ ಸಣ್ಣ ಅಣುಗಳು) ಹಾಕಿ, ಅಂಗಾಂಶ ಬೆಳೆಸುವ ಮೀಡಿಯಾದಲ್ಲಿ (ಪೋಷಕ ಮಾಧ್ಯಮದಲ್ಲಿ) ಹೂಮೊಗ್ಗು ತರಿಸ್ತೀನಿ ಅಂದಾಗ ಲ್ಯಾಬಿನಲ್ಲಿ ಯಾರೂ ಒಪ್ಪಲಿಲ್ಲ. 'ಆಕ್ಸಿನ್, ಸೈಟೋಕೈನಿನ್ ಅನ್ನೋ ಗಿಡದ ಹಾರ್ಮೋನ್ ಸರಿ ಮಾಡ್ಕೊ, ಉಳಿದದ್ದು ಸುಮ್ನೆ ದುಡ್ಡು ದಂಡ' ಅಂದರು. ಈಗ ಕೈನೆಟಿನ್ (ಒಂದು ಸೈಟೋಕೈನಿನ್) ಜಾಸ್ತಿ ಇರುವ, ಎಲೆಮೊಗ್ಗು ಮಾತ್ರ ಕೊಡುವ ಮೀಡಿಯಾದಲ್ಲೇ ತಂಬಾಕಿನ ಅಂಗಾಂಶದ ತೆಳು ಪದರದ ಚೂರುಗಳಿಂದ ಹೂಮೊಗ್ಗು ತೆಗೆದಿದ್ದೇನೆ. ಸಸ್ಯವಿಜ್ಞಾನಿ ಗಾಲ್‌ಸ್ಟನ್ ಅವರ ಗುಂಪು 1988ರಲ್ಲೇ ಇದನ್ನು ಬರೆದಿತ್ತು. ಆದರೆ ಓದುವುದೇ ಬೇರೆ, ನಮ್ಮ ಡಿಶ್ಶಿನಲ್ಲಿ ಬರುವುದೇ ಬೇರೆ.

ಹೆಚ್ಚು ಕಾಡಿದ್ದು ಸ್ಪರ್ಮಿಡಿನ್ನಿನ ಬಾಟಲಿ. ಫ್ರೀ ಬೇಸ್ (ಲವಣವಾಗಿಸದ ರೂಪ) ಗಾಳಿ ಸೋಕಿದರೆ ಸಾಕು, ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಕೆಡುತ್ತದೆ. ಮೀಡಿಯಾಗೆ ಹಾಕಿದರೆ ಪಿಎಚ್ ಮೇಲಕ್ಕೆ ಹೋಗುತ್ತದೆ. ದುಬಾರಿ ಬಾಟಲಿ ಅರ್ಧಕ್ಕರ್ಧ ಹಾಗೇ ಹೋಯಿತು. ಟ್ರೈಹೈಡ್ರೋಕ್ಲೋರೈಡ್ ಲವಣಕ್ಕೆ ಬದಲಾಯಿಸಿದ ಮೇಲೆ ನೆಮ್ಮದಿ. ಕ್ರಿಮಿಶುದ್ಧಿಗೆ ಆಟೋಕ್ಲೇವ್ (ಒತ್ತಡದ ಬಿಸಿ ಹಬೆ) ಬೇಡ, ಫಿಲ್ಟರ್ ಮಾಡಿ ಹಾಕಿ. ಪಿಎಚ್ ಆಮೇಲೂ ಒಮ್ಮೆ ನೋಡಿ.

ಡೋಸ್ ಏರಿಸಿದರೆ ಚೂರುಗಳು ಕಂದು ಬಣ್ಣಕ್ಕೆ ತಿರುಗಿ ಸತ್ತವು. ಗಿಡದ ಅಮೀನ್ ಆಕ್ಸಿಡೇಸ್‌ಗಳು ಪಾಲಿಅಮೀನ್ ಒಡೆದಾಗ ಹೈಡ್ರೋಜನ್ ಪೆರಾಕ್ಸೈಡ್ ಬರುತ್ತದಲ್ವಾ, ಅದರದೇ ಕೆಲಸ ಅಂತ ನನ್ನ ಅನಿಸಿಕೆ. ನನಗೆ ಹೊಂದಿದ್ದು ಒಂದು ಮಿಲಿಮೋಲಾರ್ ಆಸುಪಾಸು. ಹತ್ತು ಚೂರಿನಲ್ಲಿ ಮೂರ್ನಾಲ್ಕು ಹೂಮೊಗ್ಗು ಕೊಟ್ಟವು. ಕಲ್ಚರಿಗೆ ಹಾಕಿದ ಯಾವ ದಿನ ಸ್ಪರ್ಮಿಡಿನ್ ಸೇರಿಸಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಪುಟ್ರೆಸಿನ್ ಅಗ್ಗ, ಅದನ್ನೂ ನೋಡಿದೆ. ನನ್ನ ಡಿಶ್ಶುಗಳಲ್ಲಿ ಎಲೆಮೊಗ್ಗೇ ಬಂತು. ಖರ್ಚು ಇಳಿಸಬೇಕಿದ್ದರೆ ಸಣ್ಣ ಡಿಶ್ ತಗೊಂಡು ಮೀಡಿಯಾ ತೆಳ್ಳಗೆ ಸುರಿಯಿರಿ.

ಅನುಮಾನ ಪಟ್ಟವರ ಬಾಯಿ ಮುಚ್ಚಿಸಿದ್ದು ಸೈಕ್ಲೋಹೆಕ್ಸೈಲಮೀನ್. ಗಿಡ ತಾನೇ ಸ್ಪರ್ಮಿಡಿನ್ ಮಾಡಿಕೊಳ್ಳಲು ಬಳಸುವ ಸ್ಪರ್ಮಿಡಿನ್ ಸಿಂಥೇಸ್ ಎಂಬ ಕಿಣ್ವವನ್ನು ಅದು ತಡೆಯುತ್ತದೆ. ಹೂವು ಕೊಡುವ ಮೀಡಿಯಾಗೆ ಅದನ್ನು ಹಾಕಿದರೆ ಹೂಮೊಗ್ಗು ಇಳಿಯಿತು. ಜೊತೆಗೆ ಸ್ಪರ್ಮಿಡಿನ್ ಕೊಟ್ಟರೆ ಬಹುಪಾಲು ಮರಳಿ ಬಂತು. ಈ ಪ್ಲೇಟುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ ದಿನ ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಮಧ್ಯೆ ಇನ್ನೊಂದು ಹುಚ್ಚು ಹತ್ತಿತು: ಅಂಗಾಂಶದೊಳಗೆ ಪಾಲಿಅಮೀನ್ ಎಷ್ಟಿದೆ ಅಂತ ಅಳೆಯುವುದು. ಎಚ್‌ಪಿಎಲ್‌ಸಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಶುಲ್ಕ ಕೈಗೆಟುಕಲಿಲ್ಲ, ಹಾಗಾಗಿ ಪಾಲಿಅಮೀನ್‌ಗೆ ಅಂಟಿ ಅದನ್ನು ಹೊಳೆಯುವಂತೆ ಮಾಡುವ ಡ್ಯಾನ್ಸಿಲ್ ಕ್ಲೋರೈಡ್ ಹಚ್ಚಿ ಸಿಲಿಕಾ ಪ್ಲೇಟಿನಲ್ಲಿ ಓಡಿಸಿದೆ. ಪರ್‌ಕ್ಲೋರಿಕ್ ಆಸಿಡ್‌ನಲ್ಲಿ ಅಂಗಾಂಶ ಅರೆದು, ಡ್ಯಾನ್ಸಿಲ್ ಸೇರಿಸಿ ರಾತ್ರಿಯಿಡೀ ಕತ್ತಲಲ್ಲಿಟ್ಟು, ಉಳಿದ ಡ್ಯಾನ್ಸಿಲನ್ನು ಪ್ರೋಲಿನ್ ಹಾಕಿ ಕಳೆದು, ಟೊಲುವೀನ್‌ಗೆ ಎಳೆದರಾಯಿತು. ಯುವಿ ದೀಪದಡಿ ಪುಟ್ರೆಸಿನ್, ಸ್ಪರ್ಮಿಡಿನ್, ಸ್ಪರ್ಮಿನ್ ಬೇರೆ ಬೇರೆಯಾಗಿ ಹೊಳೆಯುತ್ತವೆ. ಆದರೆ ಹೂವಿನಲ್ಲಿ ಸ್ಪರ್ಮಿಡಿನ್ ಒಂದು ಪಾಲು ಫಿನಾಲಿಕ್ ಆಸಿಡ್‌ಗಳ ಜೊತೆ ಕೂಡಿಕೊಂಡಿರುತ್ತದೆ. ಆ ಪಾಲು ಬೇಕಿದ್ದರೆ ಮೊದಲು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕಾಯಿಸಿ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಲೆಕ್ಕ ಕಮ್ಮಿ ಬರುತ್ತದೆ.